ಚಾನ್ಸ್ ಎಷ್ಟೈತೆ, ಮೇಡಂ?

ನ್ಯಾಮತಿ ಕಾಲೇಜಿನಲ್ಲಿ ನಾನು ಬಿಟ್ಟುಬಂದ ಕುರ್ಚಿಗೆ ಈಗ ಹೊಸ ಹುಡುಗಿಯೊಬ್ಬಳು ಬಂದಿದ್ದಾಳೆ. ಕಾಮರ್ಸ್ ಪಾಠ ಮಾಡುತ್ತಾಳೆ. ಜೊತೆಗೆ ವೃತ್ತಿ ಮಾರ್ಗದರ್ಶನ ಘಟಕ ಅನ್ನುವ ಹೊರೆಯನ್ನೂ ಅವಳ ತಲೆಗೆ ಕಟ್ಟಿದ್ದಾರೆ. ಮೊನ್ನೆ ಹೊನ್ನಾಳಿಯ ನನ್ನ ಮನೆಗೆ ಬಂದು, ಕಾಫಿ ಕುಡಿದು ಲೋಟ ಕೆಳಗಿಟ್ಟು, "ಮೇಡಂ, ದೊಡ್ಡ ದೊಡ್ಡ ಕಡೆ ಎಂಬಿಎ ಸೀಟು ಸಿಗುತ್ತಾ ಅಂತ ಮಕ್ಕಳು ಬಂದು ಕೇಳ್ತಾರೆ. ನೀವು ಏನು ಹೇಳ್ತಿದ್ರಿ?" ಅಂದಳು. ಓಡಿಹೋಗು ತಾಯಿ ಅನ್ನಬೇಕೆನಿಸಿತು. ಅನ್ನಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರ ಮುಖ ನೋಡಿಕೊಂಡು ಹಾಗೆಲ್ಲ ಅನ್ನುವುದಕ್ಕೆ ಬಾಯಿ ಬರುವುದಿಲ್ಲ. ಬರೆದುಕೊಡುತ್ತೇನೆ, ಓದಿಕೋ ಅಂದೆ.

ಜಗಳೂರು, ಚನ್ನಗಿರಿ, ಹೊನ್ನಾಳಿ, ಕೊನೆಗೆ ನ್ಯಾಮತಿ. ಈ ನಾಲ್ಕು ಊರಿನ ಬಸ್‌ಸ್ಟ್ಯಾಂಡುಗಳ ಬೆಂಚು ಸವೆಸಿ ನಾನು ನಿವೃತ್ತಳಾದೆ. ಯಾವಾಗ ಯಾವ ಹುದ್ದೆಗೆ ಏರಿದೆ ಅನ್ನುವುದು ಯಾರಿಗೆ ಬೇಕು? ಪಾಠ ಮಾಡಿದ್ದು ಒಂದು ಕೆಲಸ, ಅದು ಬಿಡಿ. ಇನ್ನೊಂದು ಕೆಲಸ, ಮಕ್ಕಳು ಅಂಕಗಳನ್ನು ಮುಂದಿಟ್ಟು "ಚಾನ್ಸ್ ಎಷ್ಟೈತೆ?" ಅಂದಾಗ ಮುಖ ನೋಡಿ ಉತ್ತರ ಹೇಳುವುದು. ಬಹಳ ಸಲ ನನ್ನ ಉತ್ತರ "ಇಲ್ಲ" ಅಂತಲೇ ಇತ್ತು. "ಇದೆ" ಅಂತ ಎದೆ ತಟ್ಟಿ ಹೇಳಿದ್ದು ಒಬ್ಬಳಿಗೆ. ಅವಳ ಹೆಸರು ಸಿಂಚನಾ. ನಾನು ಹೇಳಹೊರಟಿರುವುದು ಅವಳ ಸೀಟಿನ ಕತೆ.

ಸಿಂಚನಾ ನ್ಯಾಮತಿಯಲ್ಲಿ ನನ್ನ ಹತ್ತಿರವೇ ಬಿ.ಕಾಂ. ಓದಿದವಳು. ಮುಗಿಸಿ ಮೂರು ವರ್ಷವಾದ ಮೇಲೆ ಒಂದು ಆಷಾಢದ ಮಧ್ಯಾಹ್ನ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ನನ್ನ ನಿವೃತ್ತಿಗೆ ಕೆಲವು ತಿಂಗಳು ಉಳಿದಿದ್ದವು. ಅವಳ ಉಗುರಿನ ಸಂದಿಯಲ್ಲೆಲ್ಲ ಕರಿ ಗ್ರೀಸು. ಅವಳಪ್ಪ ಹಾಲೇಶಪ್ಪನವರದು ಭತ್ತ ಕೊಯ್ಯುವ ಮಿಷನ್ನುಗಳ ವ್ಯವಹಾರ. ಸುಗ್ಗಿ ಬಂದರೆ ಡ್ಯಾಮಿನ ಚಾನಲ್ ನೀರಿನ ಗದ್ದೆಗಳಿಗೆಲ್ಲ ಅವರ ಮಿಷನ್ನೇ ಬಾಡಿಗೆಗೆ ಹೋಗಬೇಕು. ಸೂಳೆಕೆರೆ ಕೆಳಗಿನ ಗದ್ದೆಗಳವರೆಗೂ ಕಳಿಸುತ್ತಿದ್ದರು.

"ಎಂಬಿಎ ಮಾಡ್ಬೇಕು ಮೇಡಂ. ಇಲ್ಲೆಲ್ಲೋ ಅಲ್ಲ, ದೊಡ್ಡ ಕಡೆ. ಚಾನ್ಸ್ ಎಷ್ಟೈತೆ ಹೇಳ್ರಿ."

"ಇಷ್ಟು ವರ್ಷ ಎಲ್ಲಿದ್ದೆ?"

"ಅಪ್ಪ ಈಗ ಒಪ್ಪಿದಾರೆ. ಒಂದೇ ವರ್ಷ ಅಂದಾರೆ. ಸಿಕ್ಕಿದ್ರೆ ಹೋಗು, ನಾನೇ ಬಿಟ್ಟು ಬರ್ತೀನಿ. ಸಿಗದಿದ್ರೆ ಆಮೇಲೆ ಓದಿನ ಮಾತು ಎತ್ತಬಾರ್ದು, ಗಂಡು ನೋಡ್ತೀನಿ ಅಂದಾರೆ. ಹೂಂ ಅಂದೀನಿ."

ಇನ್ನೊಂದು ಸಲ ಪ್ರಯತ್ನಿಸುತ್ತೇನೆ ಅನ್ನುವ ಹಾಗಿಲ್ಲ ಅಂತಾಯಿತು. ನಾನು ಮೊದಲು ಕೇಳಿದ್ದು ಅವಳ ಹತ್ತನೇ ಕ್ಲಾಸಿನ ಅಂಕ. ಹೊಸಬರು ಇದನ್ನು ನೆನಪಿಡಬೇಕು. ಈ ಕೆಲಸದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಅದು, ಕೇಳಲು ನನಗೆ ಮನಸ್ಸಿಲ್ಲದ ಪ್ರಶ್ನೆಯೂ ಅದೇ.

ಯಾಕೆ ಅಂದರೆ ಜಗಳೂರಿನ ತಿಪ್ಪೇಸ್ವಾಮಿಯ ಕತೆ ಹೇಳಬೇಕು. ನಾನು ಈ ಕೆಲಸಕ್ಕೆ ಹೊಸಬಳು ಆಗ. ಲೈಬ್ರರಿಯ ಹರಕು ಪುಸ್ತಕ ಇಟ್ಟುಕೊಂಡು ಓದಿದ ಹುಡುಗ ಪ್ರವೇಶ ಪರೀಕ್ಷೆಯಲ್ಲಿ ಎಂಥ ಪರ್ಸೆಂಟೈಲ್ ತೆಗೆದ ಅಂದರೆ, ನಾನು ಎರಡೆರಡು ಸಲ ಕನ್ನಡಕ ಒರೆಸಿಕೊಂಡು ನೋಡಿದೆ. ಒಂದೇ ಒಂದು ಕಡೆಯಿಂದಲೂ ಸಂದರ್ಶನಕ್ಕೆ ಕರೆ ಬರಲಿಲ್ಲ. ಏನೋ ತಪ್ಪಾಗಿದೆ ಅಂದುಕೊಂಡು ಇಬ್ಬರೂ ಕೂತು ಒಂದೊಂದು ಸಂಸ್ಥೆಯ ನಿಯಮ ಓದಿದೆವು. ಆಗ ತಿಳಿಯಿತು. ಕರೆಯಬೇಕೋ ಬೇಡವೋ ಅನ್ನುವುದಕ್ಕೆ ಹತ್ತನೇ ಕ್ಲಾಸು, ಪಿಯುಸಿ, ಡಿಗ್ರಿ ಎಲ್ಲದರ ಅಂಕವನ್ನೂ ಕೂಡುತ್ತಾರೆ. ಹತ್ತನೇ ಕ್ಲಾಸಿನ ಪರೀಕ್ಷೆ ಹೊತ್ತಿಗೆ ಇವನಿಗೆ ಕಾಮಾಲೆಯಂತೆ. ಹಳದಿ ಕಣ್ಣು ಮಾಡಿಕೊಂಡೇ ಹೋಗಿ ಬರೆದು ಪಾಸಾಗಿದ್ದ. ಪಾಸಾದದ್ದಕ್ಕೇ ಮನೆಯವರು ಸಕ್ಕರೆ ಹಂಚಿದ್ದರಂತೆ.

"ಹತ್ತನೇ ಕ್ಲಾಸು ಈಗ ಮತ್ತೆ ಬರಿಯಾಕೆ ಆಗುತ್ತಾ ಮೇಡಂ?" ಅಂದ.

"ಪಾಸಾದೋರಿಗೆ ಮತ್ತೆ ಬರೆಯೋಕೆ ಬಿಡಲ್ಲಪ್ಪ."

"ಫೇಲಾಗಿದ್ರೆ?"

"ಫೇಲಾಗಿದ್ರೆ ಬರೀಬಹುದಿತ್ತು."

ಅವನು ಜೋರಾಗಿ ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ. ಹದಿನೈದನೇ ವಯಸ್ಸಿನಲ್ಲಿ ಹಾಸಿಗೆ ಹಿಡಿದದ್ದಕ್ಕೆ ಇಪ್ಪತ್ತೊಂದರಲ್ಲಿ ಶಿಕ್ಷೆ ಕೊಡುವುದು ಎಂಥ ನ್ಯಾಯ? ಅವತ್ತು ಬಂದ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಆದರೆ ನನ್ನ ಸಿಟ್ಟನ್ನು ಕೇಳುವವರು ಯಾರು? ಅಲ್ಲಿಂದಾಚೆ ಯಾರೇ ಬಂದರೂ ಮೊದಲು ಆ ಅಂಕ ಕೇಳುತ್ತಿದ್ದೆ. ಅದು ಕಡಿಮೆ ಇದ್ದರೆ ಓದಿನ ಮಾತು ಮುಂದುವರಿಸುತ್ತಿರಲಿಲ್ಲ, ಬ್ಯಾಂಕ್ ಪರೀಕ್ಷೆ ಕಡೆ ಮಾತು ತಿರುಗಿಸುತ್ತಿದ್ದೆ.

ಹೀಗೆ ನೇರವಾಗಿ ಹೇಳುವುದು ಎಲ್ಲರಿಗೂ ಹಿಡಿಸುವುದಿಲ್ಲ. ಒಬ್ಬ ಪ್ರಿನ್ಸಿಪಾಲರಿದ್ದರು, ಯಾವ ಊರು ಅಂತ ಹೇಳುವುದಿಲ್ಲ. ಕಾಲೇಜನ್ನು ಪರಿಶೀಲಿಸಲು ತಂಡ ಬರುತ್ತದೆ ಅಂದಾಗ ನನ್ನನ್ನು ಕರೆದು, "ಏನಮ್ಮ, ರಿಜಿಸ್ಟರಿನಲ್ಲಿ ಎಲ್ಲ ಹುಡುಗರ ಹೆಸರಿನ ಮುಂದೂ ಸಾಧ್ಯತೆ ಕಡಿಮೆ, ಕಡಿಮೆ ಅಂತ ಬರ್ದೀಯಲ್ಲ, ಬಂದೋರು ನೋಡಿದ್ರೆ ನನ್ನ ಮಾನ ಏನಾಗಬೇಕು? ಉತ್ತಮ ಅಂತ ಬರಿ" ಅಂದರು. "ಸರ್, ಹುಡುಗರು ನಂಬಿಬಿಡ್ತಾರೆ" ಅಂದೆ. "ನಂಬಲಿ ಬಿಡು, ನಂಬಿಕೆಯಿಂದ ಯಾರಿಗೆ ನಷ್ಟ?" ಅಂದರು. ನಾನು ಬರೆಯಲಿಲ್ಲ. ಗುಮಾಸ್ತರಿಂದ ಬರೆಸಿ ನೋಟೀಸ್ ಬೋರ್ಡಿಗೇ ಹಾಕಿಸಿದರು. ಉಬ್ರಾಣಿ ಕಡೆಯ ಹುಡುಗನೊಬ್ಬ ಅದನ್ನು ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡು ಊರಿಗೆಲ್ಲ ತೋರಿಸಿದ. ನಾನು ಅವನನ್ನು ಕರೆದು, ಅದು ಸುಳ್ಳು, ನಿನಗೆ ಕಷ್ಟ ಇದೆ, ಬೇರೆ ದಾರಿಯನ್ನೂ ನೋಡಿಕೋ ಅಂದೆ. ಮರುದಿನ ಅವನಪ್ಪ ಬಂದು, ಮೇಡಂಗೆ ನಮ್ಮ ಹುಡುಗನ ಮೇಲೆ ಹೊಟ್ಟೆಕಿಚ್ಚು ಅಂತ ಪ್ರಿನ್ಸಿಪಾಲರಿಗೆ ದೂರು ಕೊಟ್ಟ. ನನಗೆ ಮೆಮೋ ಬಂತು. ಆ ಹುಡುಗನಿಗೆ ಸೀಟು ಬರಲಿಲ್ಲ, ಬೇರೆ ದಾರಿಯನ್ನೂ ಅವನು ನೋಡಿಕೊಂಡಿರಲಿಲ್ಲ.

ಆಮೇಲಾಮೇಲೆ ನನ್ನನ್ನು ಕೇಳುವುದೂ ಕಡಿಮೆಯಾಯಿತು. ಮೊಬೈಲಿನಲ್ಲಿ ಅಂಕ ತುಂಬಿದರೆ ಹಸಿರು, ಹಳದಿ, ಕೆಂಪು ಅಂತ ಬಣ್ಣದಲ್ಲಿ ಚಾನ್ಸ್ ತೋರಿಸುವ ವೆಬ್‌ಸೈಟುಗಳು ಬಂದವು. ಮಕ್ಕಳು ಕೆಂಪು ಬಣ್ಣ ಹಿಡಿದುಕೊಂಡು ನನ್ನ ಹತ್ತಿರ ಬರುತ್ತಿದ್ದರು, ಮೇಡಂ ಏನಾದರೂ ಮಾಡಿ ಹಳದಿ ಮಾಡಿಕೊಡ್ರಿ ಅಂತ. ನಾನೇನು ಬಣ್ಣ ಹಚ್ಚುವವಳೇ? ಆ ವೆಬ್‌ಸೈಟುಗಳು ಹೇಳುವುದೇನೂ ಸುಳ್ಳಲ್ಲ. ನಾನು ಅರ್ಧ ಗಂಟೆ ಕೂರಿಸಿಕೊಂಡು, ನೀರು ಕೊಟ್ಟು, ಮನೆ ವಿಚಾರ ಕೇಳಿ ಹೇಳುತ್ತಿದ್ದ "ಇಲ್ಲ" ಅನ್ನು ಅವು ಕಣ್ಣು ಮಿಟುಕಿಸುವುದರಲ್ಲಿ ಹೇಳುತ್ತವೆ, ಅಷ್ಟೆ.

ಸಂದರ್ಶನದ ಕತೆ ಬೇರೆ. ಸೂರಗೊಂಡನಕೊಪ್ಪದ ಹತ್ತಿರದ ತಾಂಡಾದ ಹುಡುಗ, ಕುಮಾರ ನಾಯ್ಕ. ಪಾಪ, ಎಲ್ಲ ಗೋಡೆ ಹಾರಿ ಸಂದರ್ಶನದವರೆಗೆ ಹೋದ. ನಿಮ್ಮ ಬಗ್ಗೆ ಹೇಳಿ ಅಂದರಂತೆ. ಇವನು ಮುತ್ತಜ್ಜನಿಂದ ಶುರು ಮಾಡಿದ. ಅವರು ಎಲ್ಲಿಂದ ಬಂದು ನೆಲೆ ನಿಂತರು, ತಾತ ಶಾಲೆಗೆ ಜಾಗ ಬಿಟ್ಟುಕೊಟ್ಟದ್ದು, ದೊಡ್ಡಪ್ಪ ಪಂಚಾಯ್ತಿ ಮೆಂಬರ್ ಆದದ್ದು. ಇವನ ಸರದಿ ಬರುವ ಹೊತ್ತಿಗೆ ಟೈಮ್ ಮುಗಿಯಿತು, ಹೊರಡಿ ಅಂದರು. "ಯಾಕೋ ಹಾಗೆ ಮಾಡಿದೆ?" ಅಂತ ಬೈದರೆ, "ಯಾವೂರು, ಯಾರ ಮೊಮ್ಮಗ ಅಂತ ಹೇಳ್ದಂಗೆ ನಾನು ಹಿಂಗೆ, ನಾನು ಹಂಗೆ ಅಂದ್ರೆ ದೊಡ್ಡಸ್ತಿಕೆ ಆಗಲ್ವಾ ಮೇಡಂ?" ಅಂದ. ನಮ್ಮಲ್ಲಿ ಮರ್ಯಾದೆ ಅನ್ನಿಸಿಕೊಳ್ಳುವುದೆಲ್ಲ ಅಲ್ಲಿ ದಡ್ಡತನ.

ಸಿಂಚನಾಳ ವಿಷಯಕ್ಕೆ ಬರುತ್ತೇನೆ. ಅವಳ ಹತ್ತನೇ ಕ್ಲಾಸು ಚೆನ್ನಾಗಿತ್ತು. ಪಿಯುಸಿ, ಡಿಗ್ರಿ ಇನ್ನೂ ಚೆನ್ನಾಗಿದ್ದವು. ಹುಡುಗಿ ಅಂತ ಸ್ವಲ್ಪ, ಇಂಜಿನಿಯರ್ ಅಲ್ಲ ಅಂತ ಸ್ವಲ್ಪ ಅಂಕವನ್ನು ಕೆಲವು ಕಡೆ ಸೇರಿಸುತ್ತಾರೆ. ನನ್ನ ಎದೆ ಹಗುರಾಗುತ್ತ ಬಂತು. ಕೊನೆಗೆ, "ಡಿಗ್ರಿ ಆಗಿ ಮೂರು ವರ್ಷ ಏನು ಮಾಡಿದೆ?" ಅಂತ ಕೇಳಿದೆ.

"ಏನಿಲ್ಲ ಮೇಡಂ. ಮನೇಲೇ ಇದ್ದೆ."

ಅಯ್ಯೋ ಅಂದುಕೊಂಡೆ. ಮೂರು ವರ್ಷ ಸುಮ್ಮನೆ ಕೂತವಳು ಅಂದರೆ ದೊಡ್ಡ ಸಂಸ್ಥೆಯವರು ಮೂಸಿಯೂ ನೋಡುವುದಿಲ್ಲ. ಅಷ್ಟರಲ್ಲಿ ಅವಳ ಫೋನು ಬಂತು. "ಹೂಂ ಮೇಸ್ತ್ರಿ ಅಣ್ಣ, ಆ ಬೆಲ್ಟು ದಾವಣಗೆರೇಲಿ ಸಿಗಲ್ಲ, ಸೇಲಂನಿಂದ ತರಿಸೀನಿ. ನೀನು ಬ್ಲೇಡ್ ಬಿಚ್ಚಿ ಇಟ್ಟಿರು, ಡ್ರೈವರ್ ಮುರುಗನ್‌ಗೆ ಮುಟ್ಟಾಕೆ ಬಿಡಬ್ಯಾಡ. ನಾಳೆಯಿಂದ ಅವನಿಗೆ ರಜ ಕೊಟ್ಟೀನಿ, ದೀಪಾವಳಿ ಮುಂಚೆ ಬಾ ಅಂದೀನಿ. ಕುಂದೂರಿನೋರು ಫೋನ್ ಮಾಡಿದ್ರೆ ನನಗೆ ಕೊಡು, ಅಪ್ಪಗೆ ಕೊಡಬ್ಯಾಡ." ಫೋನಿಟ್ಟಳು.

"ಇದೇನು?" ಅಂದೆ.

"ಮಿಷನ್ ರಿಪೇರಿ ಮೇಡಂ."

"ಇದನ್ನೆಲ್ಲ ನೋಡಿಕೊಳ್ಳೋದು ಯಾರು?"

"ನಾನೇ. ಯಾವ ಮಿಷನ್ ಯಾವ ಊರಿಗೆ ಹೋಗಬೇಕು, ಡ್ರೈವರ್, ಡೀಸೆಲ್ಲು, ಬಾಡಿಗೆ ವಸೂಲಿ. ಅಪ್ಪಂದು ಬರೀ ಮಾತು."

"ಅಲ್ವೇ, ಮನೇಲೇ ಇದ್ದೆ ಅಂದೆಯಲ್ಲೇ! ಇದನ್ನೇ ಕಣೇ ಕೆಲಸ ಅನ್ನೋದು. ಇದನ್ನ ಕಲಿಸೋಕೇ ಅವರು ಕಾಲೇಜು ತೆಗೆದಿರೋದು."

ಅವಳು ನಕ್ಕಳು. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಳು. ತಮಾಷೆಯಲ್ಲ, ನಿನಗೆ ಚಾನ್ಸ್ ಇದೆ ಅಂತ ನಾನು ಹೇಳಿದೆ. ಆದರೆ ಈ ಮೂರು ವರ್ಷವನ್ನು ಕೆಲಸ ಅಂತ ಒಪ್ಪಿಸಬೇಕಾದರೆ ಹಾಲೇಶಪ್ಪನವರು ಸಹಿ ಹಾಕಿ, ಇವಳು ನಮ್ಮಲ್ಲಿ ಕೆಲಸ ಮಾಡುತ್ತಾಳೆ ಅಂತ ಕೊಡಬೇಕು. ಮುಂದಕ್ಕಾದರೂ ಸಂಬಳ ಅಂತ ಅವಳ ಬ್ಯಾಂಕಿಗೆ ಹಾಕಬೇಕು. ಅದನ್ನು ಹೇಳಲು ನಾನೇ ಅವರ ಶೆಡ್ಡಿಗೆ ಹೋದೆ.

ಹಾಲೇಶಪ್ಪನವರು ದೊಡ್ಡ ದನಿಯ ಮನುಷ್ಯ. ಒಳ್ಳೆಯವರು. ಅತ್ತುಕೊಂಡು ಬಂದ ರೈತನಿಗೆ ಮೊದಲು ಮಿಷನ್ ಕಳಿಸಿ, ಸಾಲಿನಲ್ಲಿ ನಿಂತವರಿಂದ ಬೈಸಿಕೊಳ್ಳುವಂಥವರು. ನನ್ನ ಮಾತು ಕೇಳಿ ಕೆಂಪಗಾದರು.

"ಏನು ಮೇಡಂ ನೀವು ಹೇಳಾದು? ನನ್ನ ಮಗಳಿಗೆ ನಾನು ಸಂಬಳ ಕೊಡಾದಾ? ಮುರುಗನ್ ಹೆಸರಿನ ಕೆಳಗೆ ಅವಳ ಹೆಸರು ಬರ್ಸಾದಾ? ನಾಳೆ ಬೀಗರು ಬಂದು, ಏನ್ರೀ ಹಾಲೇಶಪ್ಪ, ಮಗಳನ್ನ ಆಳು ಮಾಡ್ಕಂಡಿದ್ರಂತೆ ಅಂದ್ರೆ ಎಲ್ಲಿ ಮುಖ ಇಟ್ಕಳ್ಳಿ?"

"ಬೀಗರು ಕೇಳಲ್ಲ ಹಾಲೇಶಪ್ಪನೋರೆ, ಕೇಳೋದು ಕಾಲೇಜಿನೋರು."

"ಯಾರು ಕೇಳಿದ್ರೂ ಒಂದೇ. ಅವಳು ದುಡಿಯೋಳಲ್ಲ, ಈ ಶೆಡ್ಡಿನ ಒಡತಿ."

ಕೊನೆಗೆ ಅವರ ಲೆಕ್ಕ ನೋಡುವ ಆಡಿಟರು ಬಂದು, ಟ್ಯಾಕ್ಸ್ ಉಳಿಸಲು ಎಲ್ಲರೂ ಹೀಗೆ ಮಾಡುತ್ತಾರೆ, ಇದು ಕಾಗದದ ಮಾತು, ಊರಿಗೆ ಗೊತ್ತಾಗುವುದಿಲ್ಲ ಅಂತ ಸಮಾಧಾನ ಹೇಳಿ ಸಹಿ ಹಾಕಿಸಿದರು. ಹಾಲೇಶಪ್ಪ ಓದದೆ ಸಹಿ ಹಾಕಿ, ಪೆನ್ನು ಪಕ್ಕಕ್ಕೆಸೆದು, "ನಿಮ್ಮ ಕಾಲೇಜಿನೋರ ಹುಚ್ಚಿಗೆ ನನ್ನ ಮಗಳು ಕೂಲಿ ಆಗಬೇಕು ನೋಡ್ರಿ" ಅಂದರು.

ಹುಡುಗಿ ಓದಿದ ರೀತಿ ನೋಡಬೇಕಿತ್ತು. ನವೆಂಬರ್ ಸುಗ್ಗಿಯ ಗಲಾಟೆ, ಪರೀಕ್ಷೆಯೂ ಅದೇ ತಿಂಗಳು. ಗದ್ದೆಯ ಬದುವಿನ ಮೇಲೆ ಕೂತು, ಒಂದು ಕಿವಿ ಡ್ರೈವರುಗಳಿಗೆ ಕೊಟ್ಟು ಲೆಕ್ಕ ಬಿಡಿಸಿದಳು. ಪರ್ಸೆಂಟೈಲ್ ಚೆನ್ನಾಗಿ ಬಂತು. ಕರೆ ಬಂತು. ನಾನು ನಿವೃತ್ತಳಾಗಿದ್ದೆ. ಮನೆಯ ಹಜಾರದಲ್ಲಿ ಕೂರಿಸಿಕೊಂಡು ಸಂದರ್ಶನಕ್ಕೆ ತಯಾರಿ ಮಾಡಿಸಿದೆ. ತಾತ ಮುತ್ತಾತ ಯಾರೂ ಬೇಡ, ಮಿಷನ್ನಿನಿಂದ ಶುರು ಮಾಡು ಅಂತ ಹೇಳಿಕೊಟ್ಟೆ.

ಸಂದರ್ಶನ ಮುಗಿಸಿ ಹೊರಗೆ ಬಂದವಳೇ ಫೋನ್ ಮಾಡಿದಳು. "ಮೇಡಂ, ಮಳೆ ಮೋಡ ಆಗೈತೆ, ಎಲ್ಲರೂ ಒಂದೇ ಸಾರಿ ಮಿಷನ್ ಕೇಳ್ತಾರೆ, ಯಾರಿಗೆ ಕೊಡ್ತೀಯ ಅಂದ್ರು. ನಮ್ಮಪ್ಪ ಆದ್ರೆ ಅಳೋರಿಗೆ ಕೊಡ್ತಾರೆ, ನಾನು ಕಾಳು ಉದುರೋ ಗದ್ದೆಗೆ ಕೊಡ್ತೀನಿ ಅಂದೆ. ಮೂರೂ ಜನ ನಕ್ಕಬಿಟ್ರು ಮೇಡಂ! ಆಮೇಲೆ ಬರೀ ಅದನ್ನೇ ಕೇಳಿದ್ರು." ಅವಳ ದನಿಯಲ್ಲಿ ಅಂಥ ಖುಷಿ ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಸೀಟು ಬಂದೇ ಬರುತ್ತದೆ ಅಂತ ಅವತ್ತೇ ಹೇಳಿಬಿಟ್ಟೆ.

ಬಂತು. ಇಷ್ಟು ವರ್ಷ ಈ ನಾಲ್ಕು ತಾಲ್ಲೂಕಿನಲ್ಲಿ ನಾನು ಕೂರಿಸಿಕೊಂಡು ಮಾತಾಡಿಸಿದ ಮಕ್ಕಳಲ್ಲಿ, ಅಂಥ ಸಂಸ್ಥೆಯಲ್ಲಿ ಸೀಟು ಪಡೆದವಳು ಅವಳೊಬ್ಬಳೇ. ಹಾಲೇಶಪ್ಪನವರೇ ಪೇಡೆ ಪೊಟ್ಟಣ ಹಿಡಿದು ಮನೆಗೆ ಬಂದರು. "ನನ್ನ ಮಗಳು ಮೇಡಂ!" ಅನ್ನುವುದು ಬಿಟ್ಟು ಅವರ ಬಾಯಲ್ಲಿ ಬೇರೆ ಮಾತೇ ಬರಲಿಲ್ಲ. ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ ಇತ್ತು.

ಬೇಸಿಗೆ ಸುಗ್ಗಿ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಸಿಂಚನಾ ಹೊನ್ನಾಳಿಗೆ ಬಂದು ಮೊಬೈಲು ನನ್ನ ಕೈಗಿತ್ತಳು. ಸಂಸ್ಥೆಯಿಂದ ಮೇಲ್ ಬಂದಿತ್ತು. ಅವಳು ಕೊಟ್ಟ ವಿವರಗಳನ್ನು ಪರಿಶೀಲಿಸಲಾಗಿದೆ, ಉದ್ಯೋಗ ಕೊಟ್ಟವರನ್ನು ಫೋನಿನಲ್ಲಿ ವಿಚಾರಿಸಲಾಗಿದೆ, ಅವಳು ತಮ್ಮಲ್ಲಿ ಯಾವತ್ತೂ ಕೆಲಸ ಮಾಡಿಲ್ಲ ಅಂತ ಅವರೇ ತಿಳಿಸಿದ್ದಾರೆ, ಸುಳ್ಳು ಮಾಹಿತಿ ಕೊಟ್ಟ ಕಾರಣ ಪ್ರವೇಶ ರದ್ದು.

"ಅಪ್ಪ ಯಾಕೆ ಹಂಗಂದ್ರು ಮೇಡಂ?" ಅಂದಳು. ಅವಳಿಗೆ ಅಳುವೂ ಬರುತ್ತಿರಲಿಲ್ಲ. "ಸುಳ್ಳು ಅಂತ ಬರ್ದಾರೆ. ನಾನು ಸುಳ್ಳು ಹೇಳಿಲ್ಲ."

ಕಾಗದ ಕಳಿಸಿದರೆ ಮುಗಿಯಿತು ಅಂತಲೇ ನಾನು ಅಂದುಕೊಂಡಿದ್ದೆ. ಫೋನ್ ಮಾಡಿ ವಿಚಾರಿಸುತ್ತಾರೆ ಅನ್ನುವುದು ನನಗೆ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಯಾರಾದರೂ ಹೋಗಿದ್ದರೆ ತಾನೇ ಗೊತ್ತಾಗುವುದು! ಇಬ್ಬರೂ ನ್ಯಾಮತಿ ಬಸ್ ಹತ್ತಿದೆವು. ದಾರಿಯುದ್ದಕ್ಕೂ ನನಗೆ ಹಾಲೇಶಪ್ಪನ ಮೇಲೆ ಕೆಂಡದಂಥ ಕೋಪ. ಮಗಳನ್ನು ಕಳಿಸಲು ಮನಸ್ಸಿಲ್ಲದೆ ಬೇಕಂತಲೇ ಹೇಳಿದ್ದಾನೆ ಅಂದುಕೊಂಡೆ.

ಶೆಡ್ಡಿನಲ್ಲಿ ಅವರು ಮಿಷನ್ನಿನ ಕೆಳಗೆ ಬಗ್ಗಿ ನೋಡುತ್ತಿದ್ದರು. ನಮ್ಮನ್ನು ಕಂಡು ಕೈ ಒರೆಸಿಕೊಂಡು ಬಂದು ಕುರ್ಚಿ ಹಾಕಿಸಿದರು. ನಾನು ನೇರ ಕೇಳಿದೆ, ಕಾಲೇಜಿನಿಂದ ಯಾರಾದರೂ ಫೋನ್ ಮಾಡಿದ್ದರಾ?

"ಇಲ್ವಲ್ಲ ಮೇಡಂ. ಮಾಡಿದ್ರೆ ಸಿಂಚನಾಗೆ ಕೊಡ್ತಿದ್ದೆ. ಇಂಗ್ಲೀಷು ನನಗೆಲ್ಲಿ ಬರ್ತೈತೆ?" ಮುಖದಲ್ಲಿ ಒಂದು ಚೂರೂ ಕಪಟವಿಲ್ಲ. ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿದರು. "ಅದಿರ್ಲಿ, ನಿಮಗೊಂದು ವಿಷಯ ಹೇಳ್ಬೇಕು. ಹೋದ ವಾರ ಯಾರೋ ನಮ್ಮ ಹುಡುಗಿನ ವಿಚಾರಿಸಾಕೆ ಫೋನ್ ಮಾಡಿದ್ರು. ಹೆಣ್ಮಗಳು. ಏನು ಮರ್ಯಾದಿ, ಏನು ಮಾತು! ಕನ್ನಡದಾಗೇ ಮಾತಾಡಿದ್ಲು. ಬೆಂಗಳೂರಿನ ಕಡೆಯೋರು ಅನ್ನಿಸ್ತು. ನೀವು ಸಿಂಚನಾ ತಂದೆನಾ ಅಂದ್ಲು, ಏನು ಓದ್ಯಾಳೆ ಅಂದ್ಲು. ಆಮೇಲೆ ಮೆಲ್ಲಕೆ, ಅವರು ನಿಮ್ಮಲ್ಲಿ ಕೆಲಸ ಮಾಡ್ತಾರಾ ಸರ್ ಅಂದ್ಲು. ನನಗೆ ತಕ್ಷಣ ಗೊತ್ತಾತು, ಎಲ್ಲಿಗೆ ಬಂದ್ಲು ಅಂತ."

ನಮ್ಮ ಕಡೆ ಸಂಬಂಧ ಬೆಳೆಸುವ ಮುಂಚೆ ಗಂಡಿನವರು ನೇರವಾಗಿ ಬಂದು ಕೇಳುವುದಿಲ್ಲ. ಯಾರೋ ಗುರುತಿಲ್ಲದವರಿಂದ ವಿಚಾರಿಸುತ್ತಾರೆ. ಯಾಕೆ, ಯಾರ ಕಡೆಯಿಂದ ಅಂತ ಹೆಣ್ಣಿನವರೂ ಕೇಳಬಾರದು, ಕೇಳಿದರೆ ಆಸೆಬುರುಕರು ಅನ್ನಿಸುತ್ತದೆ. ಮೊದಲೆಲ್ಲ ಅಂಗಡಿಯಲ್ಲೋ ಬಸ್‌ಸ್ಟ್ಯಾಂಡಿನಲ್ಲೋ ನಡೆಯುತ್ತಿದ್ದ ಈ ವಿಚಾರಣೆ ಈಗ ಫೋನಿನಲ್ಲಿ ನಡೆಯುತ್ತದೆ. ಆ ಹೆಣ್ಣುಮಗಳು ಯಾವ ಸಂಸ್ಥೆಯ ಪರವಾಗಿ ಅಂತ ಹೇಳಿಯೇ ಇರಬೇಕು. ಮಿಷನ್ ಸದ್ದಿನಲ್ಲಿ ಇವರು ಅದಕ್ಕೆ ಕಿವಿ ಕೊಟ್ಟಿಲ್ಲ. ಮಗಳ ಹೆಸರು ಕೇಳಿದ್ದೇ ತಡ, ಅವರಿಗೆ ಬೇರೆ ಏನೂ ಬೇಕಿರಲಿಲ್ಲ.

"ಏನಂದ್ರಿ ಅವರ ಹತ್ರ?" ಅಂದೆ.

"ನಾನು ಬಿಡ್ತೀನಾ! ಕೆಲಸ ಎಂಥದಮ್ಮ, ನನ್ನ ಮಗಳು ಯಾವತ್ತೂ ಯಾರ ಕೈಕೆಳಗೂ ಕೆಲಸ ಮಾಡಿದೋಳಲ್ಲ, ನನ್ನ ಹತ್ರಾನೂ ಮಾಡಿಲ್ಲ, ಒಂದು ಕಡ್ಡಿ ಎತ್ತಿಡಾಕೆ ಬಿಟ್ಟಿಲ್ಲ, ರಾಣಿ ಹಂಗೆ ಬೆಳ್ಸೀನಿ ಅಂದೆ. ಮತ್ತೆ ಕೇಳಿದ್ಲು, ಸಂಬಳಕ್ಕೆ ಏನಾದ್ರೂ ಅಂತ. ಛೆ ಛೆ, ದೇವರಾಣೆ ಇಲ್ಲ ಅಂದೆ. ಥ್ಯಾಂಕ್ಸ್ ಸರ್ ಅಂದು ಇಟ್ಲು. ಸರಿ ಮಾತಾಡಿದೀನಿ ಅಲ್ವಾ?"

ನನಗೆ ಕಿರುಚಬೇಕೆನಿಸಿತು. ಬಾಯಿ ತೆರೆದೆ ಕೂಡ. ಸಿಂಚನಾ ನನ್ನ ಕೈ ಹಿಡಿದು ಎಬ್ಬಿಸಿ, "ಮೇಡಂಗೆ ಹೊಸ ಮಿಷನ್ ತೋರಿಸ್ತೀನಿ ಅಪ್ಪ" ಅಂತ ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದಳು.

"ಈಗಲೇ ಹೇಳೋಣ. ಅವರೇ ಫೋನ್ ಮಾಡಿ ತಪ್ಪಾಯ್ತು ಅನ್ನಲಿ" ಅಂದೆ.

"ಮೊದಲು ನೀವು ಕಾಲೇಜಿನೋರನ್ನ ಕೇಳ್ರಿ ಮೇಡಂ. ಸರಿ ಆಗೋದಾದ್ರೆ ಹೇಳಾಣ. ಆಗದಿದ್ರೆ ಯಾಕೆ ಹೇಳ್ಬೇಕು? ಜನ್ಮ ಪೂರ್ತಿ ಕೊರಗ್ತಾರೆ ಅವರು."

ಅಲ್ಲೇ ನಿಂತು ಸಂಸ್ಥೆಗೆ ಫೋನ್ ಮಾಡಿದೆ. ಅವರು ಇವರಿಗೆ, ಇವರು ಅವರಿಗೆ ಅಂತ ದಾಟಿಸಿ ಕೊನೆಗೆ ಒಬ್ಬ ಯುವಕ ಸಿಕ್ಕ. ಬಹಳ ಸೌಜನ್ಯದಿಂದ ಕೇಳಿಸಿಕೊಂಡ. ಆಮೇಲೆ ಹೇಳಿದ, ಮೇಡಂ, ಕಾಗದದಲ್ಲಿ ಹೌದು ಅಂದವರೂ, ಬ್ಯಾಂಕಿಗೆ ಹಣ ಹಾಕಿದವರೂ ತಂದೆಯೇ, ಫೋನಿನಲ್ಲಿ ಎರಡೆರಡು ಸಲ ಇಲ್ಲ ಅಂದವರೂ ತಂದೆಯೇ. ಈಗ ಮತ್ತೆ ಅವರೇ ಬಂದು ಹೌದು ಅಂದರೆ ನಾವು ಯಾವುದನ್ನು ನಂಬಬೇಕು? ಮದುವೆ ವಿಚಾರಣೆ ಅಂದುಕೊಂಡರು ಅಂತ ನಾನು ಮೇಲಿನವರಿಗೆ ಹೇಗೆ ಬರೆಯಲಿ? ಸೀಟು ಆಗಲೇ ವೇಟಿಂಗ್ ಲಿಸ್ಟಿನಲ್ಲಿದ್ದ ಇನ್ನೊಬ್ಬರಿಗೆ ಹೋಗಿದೆ. ನಾನು ಬೇಡಿಕೊಂಡೆ. ಜೀವಮಾನದಲ್ಲಿ ಯಾವ ಪ್ರಿನ್ಸಿಪಾಲರ ಮುಂದೆಯೂ ಹಾಗೆ ಬೇಡಿಕೊಂಡವಳಲ್ಲ. ಸಾರಿ ಮೇಡಂ ಅಂದ. ಆ ಹುಡುಗನದ್ದೂ ತಪ್ಪಿರಲಿಲ್ಲ. ಬೈಯೋಣ ಅಂದರೆ ನನಗೆ ಒಬ್ಬರೂ ಸಿಗಲಿಲ್ಲ.

ಸಿಂಚನಾ ಮಿಷನ್ನಿನ ಚಕ್ರಕ್ಕೆ ಒರಗಿ ನಿಂತು ಎಲ್ಲ ಕೇಳಿಸಿಕೊಂಡಳು. ಅಳು ಬಂದದ್ದು ಆಗ. ಅಪ್ಪನಿಗೆ ಕೇಳಿಸಬಾರದು ಅಂತ ವೇಲನ್ನು ಬಾಯಿಗೆ ಒತ್ತಿ ಹಿಡಿದು ಅತ್ತಳು. ನಾನು ಬೆನ್ನು ಸವರುತ್ತ ನಿಂತಿದ್ದೆ, ಇನ್ನೇನು ಮಾಡಲಿ? ನನಗೆ ಗೊತ್ತಿದ್ದ ವಿದ್ಯೆಯೆಲ್ಲ ಅಲ್ಲಿಗೆ ಮುಗಿದಿತ್ತು.

ಮಳೆಗಾಲ ಶುರುವಾಗಿ ಕೆಲವು ವಾರಕ್ಕೆ ಹಾಲೇಶಪ್ಪನವರು ಊಟಕ್ಕೆ ಬನ್ನಿ ಅಂತ ಕರೆಸಿದರು. ಕೊನೆಯಲ್ಲಿ ಮಾರ್ಕ್ಸು ಸಾಲದೆ ಬಂತಂತೆ, ಸೀಟು ಬೇರೆಯವರಿಗೆ ಹೋಯಿತಂತೆ ಅಂತ ಮಗಳು ಅವರಿಗೆ ಹೇಳಿದ್ದಳು. ಅವರು ಅದನ್ನೇ ನನಗೆ ಹೇಳಿದರು. "ಹೋಗ್ಲಿ ಬಿಡ್ರಿ. ನನ್ನ ಮಗಳ ಬೆಲೆ ಅವರಿಗೇನು ಗೊತ್ತು? ಅವಳು ಆಡಿದ ಮಾತು ತಪ್ಪಲಿಲ್ಲ, ಮದುವಿಗೆ ಹೂಂ ಅಂದಾಳೆ. ಆದ್ರೆ ಅವತ್ತು ವಿಚಾರಿಸಿದ್ರಲ್ಲ, ಅವರು ಮತ್ತೆ ಫೋನೇ ಮಾಡಲಿಲ್ಲ. ಅಷ್ಟು ಮರ್ಯಾದಸ್ತರು! ನಂಬರ್ ಐತೆ ನನ್ನ ಹತ್ರ. ಹೆಣ್ಣಿನ ಕಡೆಯೋರು ನಾವಾಗೇ ಮಾಡಿದ್ರೆ ಚೆಂದಲ್ಲ. ನೀವು ಒಂದು ಮಾತು ಕೇಳ್ತೀರಾ ಮೇಡಂ?"

ಅವರೇ ನಂಬರ್ ಒತ್ತಿ ಫೋನು ನನ್ನ ಕೈಗೆ ಕೊಟ್ಟರು. ರಿಂಗಾಗಿ, ನಮ್ಮ ಸಿಬ್ಬಂದಿ ಬೇರೆ ಕರೆಗಳಲ್ಲಿದ್ದಾರೆ, ದಯವಿಟ್ಟು ಕಾಯಿರಿ ಅಂತ ಹೆಣ್ಣು ದನಿಯೊಂದು ಇಂಗ್ಲೀಷಿನಲ್ಲಿ ಹೇಳತೊಡಗಿತು. ಹಾಲೇಶಪ್ಪ ಮುಂದಕ್ಕೆ ಬಾಗಿ, "ಎತ್ತಿದ್ರಾ? ಏನಂತಾರೆ?" ಅಂದರು. ಸಾರು ಬಡಿಸಲು ಬಂದ ಸಿಂಚನಾ ಪಾತ್ರೆ ಕೆಳಗಿಟ್ಟು ನನ್ನ ಕೈಯಿಂದ ಫೋನು ತೆಗೆದುಕೊಂಡಳು. ಸ್ವಲ್ಪ ಹೊತ್ತು ಕಿವಿಗಿಟ್ಟುಕೊಂಡು, ಹೂಂ ಹೂಂ ಅಂದು ಕಟ್ ಮಾಡಿದಳು.

"ಬೇರೆ ಕಡೆ ಗೊತ್ತು ಮಾಡ್ಕಂಡಾರಂತೆ ಅಪ್ಪ."

ಹಾಲೇಶಪ್ಪನವರ ಮುಖ ಸಣ್ಣಗಾಯಿತು. ತಟ್ಟೆಯಲ್ಲಿನ ಅನ್ನ ಕಲೆಸುತ್ತ ಕೂತರು. ಆಮೇಲೆ ನನ್ನ ಕಡೆ ನೋಡಿ, "ನಾನೇನಾರ ತಪ್ಪು ಮಾತಾಡಿದ್ನಾ ಮೇಡಂ ಅವತ್ತು?" ಅಂದರು.

ಸಿಂಚನಾ ಅವರ ಬೆನ್ನ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದಳು.

"ಇಲ್ಲ ಹಾಲೇಶಪ್ಪನೋರೆ. ತಂದೆ ಆದೋರು ಆಡೋ ಮಾತೇ ಆಡಿದೀರಿ" ಅಂದೆ.

ಅವರಿಗೆ ಸಮಾಧಾನವಾಯಿತು. "ಅಲ್ವಾ ಮತ್ತೆ? ಇನ್ನು ಯಾರು ಕೇಳಿದ್ರೂ ಹಂಗೇ ಹೇಳ್ತೀನಿ" ಅಂದರು.